ಗದಗಿನ ಜೋಶಿ: ಮೈದಾನದಿಂದ ಮೈದಾನಕ್ಕೆ



ನಮ್ಮ ಶಿವಮೊಗ್ಗ-ಭದ್ರಾವತಿ ಸೀಮೆಯಲ್ಲಿ ಕ್ರಿಕೆಟ್ಟಿನ ಮಾತು ಬಂದರೆ ಮೊದಲು ಬರುವ ಹೆಸರು ಗುಂಡಪ್ಪ ವಿಶ್ವನಾಥ್ ಅವರದು. ಅದು ಸಹಜ. 1949ರ ಫೆಬ್ರುವರಿಯಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದಾಗ ಮೊದಲನೆಯ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137 ರನ್ ಗಳಿಸಿದ್ದನ್ನು ಕಬ್ಬಿಣದ ಕಾರ್ಖಾನೆಯ ಊರಿನವರು ಇಂದಿಗೂ ತಮ್ಮ ಮನೆಯ ಮಗುವಿನ ಕಥೆಯಂತೆ ಹೇಳುತ್ತಾರೆ. ಅವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಇಂದು ನಾನು ಬರೆಯಹೊರಟಿರುವುದು ಬೇರೊಂದು ಬಗೆಯ ಆಟಗಾರನ ಕುರಿತು.

ಇದಕ್ಕೊಂದು ಕಾರಣವಿದೆ. ನನ್ನ ಬಳಿ ಓದಿದ ಹಲವರು ಇಂದು ತಾವೇ ಹೆತ್ತವರಾಗಿದ್ದೀರಿ. ನವುಲೆಯಲ್ಲಿ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ ಬಂದ ಮೇಲೆ ನಮ್ಮ ಕಡೆಯ ಮಕ್ಕಳು ಬೆಳಗಿನ ಜಾವವೇ ಕಿಟ್ ಹೊತ್ತು ಹೊರಡುವುದು ಸಾಮಾನ್ಯ ನೋಟವಾಗಿದೆ. ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ: "ಸಾರ್, ಹುಡುಗ ಚೆನ್ನಾಗಿ ಆಡುತ್ತಾನೆ. ಆದರೆ ಭಾರತ ತಂಡಕ್ಕೆ ಹೋಗುವವರು ಲಕ್ಷಕ್ಕೊಬ್ಬರು. ಹೋಗದಿದ್ದರೆ ಅಥವಾ ಹೋಗಿಯೂ ನಿಲ್ಲದಿದ್ದರೆ ಇವನ ಬದುಕೇನು?" ಇದು ಕ್ರೀಡೆಯ ಪ್ರಶ್ನೆಯಷ್ಟೇ ಅಲ್ಲ, ಅನ್ನದ ಪ್ರಶ್ನೆ. ಚರಿತ್ರೆಯ ಮೇಷ್ಟರಾದ ನನಗೆ ಉಪದೇಶ ಮಾಡುವುದಕ್ಕಿಂತ ಒಂದು ಬದುಕಿನ ಚರಿತ್ರೆಯನ್ನು ಮುಂದಿಡುವುದು ಸುಲಭ.

ನಾವು ಶಾಲೆಯಲ್ಲಿ ಕಲಿಸುತ್ತಿದ್ದ ಚರಿತ್ರೆ ಬಹುಪಾಲು ದೊರೆಗಳದು. ಆದರೆ ತರೀಕೆರೆ ಬಳಿಯ ಅಮೃತಾಪುರಕ್ಕೆ ನಿಮ್ಮನ್ನು ಪ್ರವಾಸ ಕರೆದೊಯ್ದಾಗ ನಾನು ಮಲ್ಲಿತಮ್ಮನ ಹೆಸರನ್ನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದಲ್ಲಿ ಕೆಲಸ ಮಾಡಿದ ಆ ಶಿಲ್ಪಿಯ ಹೆಸರು ಮುಂದೆ ಸೋಮನಾಥಪುರದವರೆಗೆ ಹಲವು ಗುಡಿಗಳಲ್ಲಿ ದೊರೆಯುತ್ತದೆ. ಕೆಲಸ ಎಲ್ಲಿದೆಯೋ ಅಲ್ಲಿಗೆ ಉಳಿ ಹಿಡಿದು ನಡೆದ ಕಸುಬುದಾರ ಆತ. ಕ್ರೀಡೆಯಲ್ಲಿಯೂ ಇಂಥವರಿದ್ದಾರೆ. ಒಂದು ತಂಡದಲ್ಲಿ ತಾರೆಯಾಗಿ ನೆಲೆನಿಲ್ಲದೆ, ಕರೆದಲ್ಲಿಗೆ ಹೋಗಿ, ಕಲಿತದ್ದನ್ನು ಕಲಿಸಿ, ಮತ್ತೆ ಗಂಟು ಕಟ್ಟುವವರು. ಕನ್ನಡನಾಡಿನಲ್ಲಿ ಇದಕ್ಕೆ ನನಗೆ ಕಾಣುವ ಒಳ್ಳೆಯ ಉದಾಹರಣೆ ಗದಗಿನ ಸುನಿಲ್ ಜೋಶಿ.

ಗದಗು ಎಂದೊಡನೆ ನಮ್ಮಂಥವರಿಗೆ ವೀರನಾರಾಯಣನ ಗುಡಿ, ಕುಮಾರವ್ಯಾಸ, ಪಂಚಾಕ್ಷರಿ ಗವಾಯಿಗಳ ಆಶ್ರಮ ನೆನಪಾಗುತ್ತವೆ. ಗುರುವನ್ನು ಹುಡುಕಿಕೊಂಡು ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ರೈಲು ಹತ್ತಿದ ಭೀಮಸೇನ ಜೋಶಿಯವರೂ ಆ ಸೀಮೆಯವರೇ. ಅದೇ ಗದಗಿನಲ್ಲಿ 1970ರ ಜೂನ್ 6ರಂದು ಹುಟ್ಟಿದ ಈ ಇನ್ನೊಬ್ಬ ಜೋಶಿಯೂ ಗುರುವಿಗಾಗಿ ಅಲ್ಲದಿದ್ದರೂ ಮೈದಾನಕ್ಕಾಗಿ ದಿನವೂ ಪ್ರಯಾಣ ಮಾಡಿದರು. ಬಾಲ್ಯದಲ್ಲಿ ಬೆಳಗಾಗುವ ಮುನ್ನ ಗದಗಿನಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಗಂಟೆಯ ಹೊತ್ತಿಗೆ ಮರಳುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಅವರ ಬೌಲಿಂಗಿಗಿಂತ ಮೊದಲು ಅವರ ಮೇಷ್ಟರು ಯಾರಿದ್ದರೋ ಎಂಬ ಕುತೂಹಲವಾಗುತ್ತದೆ. ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದೋ ಬಿಡುವುದೋ ಎಂಬುದು ಯಾವ ಬಿ.ಎಡ್. ಪಠ್ಯದಲ್ಲಿಯೂ ಇರಲಿಲ್ಲ.

ಇಂದಿನ ಮಕ್ಕಳಿಗೆ ಆ ಕಾಲದ ಕಷ್ಟ ಊಹೆಗೆ ನಿಲುಕದು. ಬೆಂಗಳೂರಿನಲ್ಲಿ ಹುಲ್ಲಿನ ಮೈದಾನ, ಲೀಗ್ ಪಂದ್ಯಗಳು, ಆಯ್ಕೆದಾರರ ಕಣ್ಣು ಎಲ್ಲವೂ ಇದ್ದವು. ಜಿಲ್ಲೆಗಳ ಹುಡುಗರು ಆಡುತ್ತಿದ್ದುದು ಹೆಚ್ಚಾಗಿ ಮ್ಯಾಟಿನ ಮೇಲೆ. ಮ್ಯಾಟಿನ ಮೇಲೆ ಚೆಂಡು ಹೆಚ್ಚು ಪುಟಿಯುತ್ತದೆ, ಬೇಗ ತಿರುಗುತ್ತದೆ. ಸ್ಪಿನ್ ಎಸೆಯುವವನಿಗೆ ಅದು ಸುಖ. ಆದರೆ ಮಣ್ಣಿನ ಪಿಚ್ಚಿಗೆ ಬಂದೊಡನೆ ಆ ಸುಖವೆಲ್ಲ ಇಳಿದುಹೋಗಿ, ಚೆಂಡನ್ನು ಗಾಳಿಯಲ್ಲಿ ತೇಲಿಸುವುದು, ವೇಗ ಬದಲಿಸುವುದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವುದು ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಜೋಶಿ ಎಡಗೈ ಸ್ಪಿನ್ನರ್. ಎಡಗೈ ಸ್ಪಿನ್ನರನ ಚೆಂಡು ಬಲಗೈ ದಾಂಡಿಗನಿಂದ ಹೊರಕ್ಕೆ ತಿರುಗುತ್ತದೆ. ನಾಲ್ಕು ಚೆಂಡು ಹೊರಕ್ಕೆ ಹೋದ ಮೇಲೆ ಐದನೆಯದು ತಿರುಗದೆ ನೇರವಾಗಿ ಒಳಬರುತ್ತದೆ. ಆ ಐದನೆಯ ಚೆಂಡಿಗಾಗಿ ಮೊದಲ ನಾಲ್ಕನ್ನು ತಾಳ್ಮೆಯಿಂದ ಹಾಕುವುದೇ ಈ ವಿದ್ಯೆ. ಇಂಥ ವಿದ್ಯೆಯ ಪರಂಪರೆ ನಮ್ಮ ರಾಜ್ಯದಲ್ಲಿ ಮೊದಲಿನಿಂದ ಇತ್ತು. ಜೋಶಿಗಿಂತ ಮುಂಚೆ ಪುತ್ತೂರಿನ ರಘುರಾಮ ಭಟ್ಟರು ಎಡಗೈ ಸ್ಪಿನ್ನಿನಲ್ಲಿ ಕರ್ನಾಟಕಕ್ಕೆ ಎಷ್ಟೋ ಪಂದ್ಯ ಗೆದ್ದುಕೊಟ್ಟಿದ್ದರು. ಅವರಿಗೆ ದೊರೆತದ್ದು ಎರಡೇ ಟೆಸ್ಟ್.

ಜೋಶಿ 1992-93ರಲ್ಲಿ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಬಂದರು. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಆಗಲೇ ಭಾರತ ತಂಡದಲ್ಲಿದ್ದರು. ರಾಹುಲ್ ದ್ರಾವಿಡ್, ವೆಂಕಟೇಶ ಪ್ರಸಾದ್ ಬಾಗಿಲಲ್ಲಿ ನಿಂತಿದ್ದರು. ಕುಂಬ್ಳೆ, ಶ್ರೀನಾಥರು ದೇಶಕ್ಕೆ ಆಡಲು ಹೋದಾಗ ರಾಜ್ಯದ ಭಾರ ಹೊರಬೇಕಾದವರು ಜೋಶಿಯಂಥವರು. 1995-96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್ ಗಳಿಸಿ 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಒಂದೇ ಋತುವಿನಲ್ಲಿ ಈ ಎರಡನ್ನೂ ಸಾಧಿಸುವುದು ಬಲು ಅಪರೂಪ. ಆ ವರ್ಷ ಕರ್ನಾಟಕವೇ ರಣಜಿ ಗೆದ್ದಿತು.

ಇಲ್ಲಿಗೆ ನಮ್ಮ ಭದ್ರಾವತಿಯವರು ಕಥೆಯೊಳಗೆ ಬರುತ್ತಾರೆ. 1992ರಿಂದ 1996ರವರೆಗೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ಜಿ.ಆರ್. ವಿಶ್ವನಾಥ್. 1996ರ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಸೌರವ್ ಗಂಗೂಲಿ, ದ್ರಾವಿಡ್ ಮೊದಲಾದವರೊಡನೆ ಜೋಶಿಯವರನ್ನೂ ಆರಿಸಿದ್ದು ಅವರ ಸಮಿತಿ. 1996ರ ಜೂನ್ 6ರಂದು, ತಮ್ಮ 26ನೆಯ ಹುಟ್ಟುಹಬ್ಬದ ದಿನವೇ, ಎಜ್‌ಬಾಸ್ಟನ್ ಮೈದಾನದಲ್ಲಿ ಜೋಶಿ ಮೊದಲ ಟೆಸ್ಟ್ ಆಡಲಿಳಿದರು.

ಆ ಟೆಸ್ಟಿನಲ್ಲಿ ಭಾರತದ ಪರ ನಾಲ್ವರು ಹೊಸಬರಿದ್ದರು: ಜೋಶಿ, ವೆಂಕಟೇಶ ಪ್ರಸಾದ್, ಪಾರಸ್ ಮಾಂಬ್ರೆ, ವಿಕ್ರಮ್ ರಾಥೋಡ್. ಭಾರತ ಸೋತಿತು. ಮುಂದಿನ ಲಾರ್ಡ್ಸ್ ಟೆಸ್ಟಿಗೆ ಜೋಶಿ ಹೊರಗುಳಿದರು. ಗಂಗೂಲಿ ಮತ್ತು ದ್ರಾವಿಡ್ ಒಳಬಂದರು. ಒಬ್ಬರು 131, ಇನ್ನೊಬ್ಬರು 95 ಗಳಿಸಿದರು. ನಂತರದ ಕಥೆ ಎಲ್ಲರಿಗೂ ಗೊತ್ತು. ಚರಿತ್ರೆಯ ಪುಸ್ತಕ ಲಾರ್ಡ್ಸ್ ಟೆಸ್ಟಿನ ಪುಟದಿಂದಲೇ ಆರಂಭವಾಗುತ್ತದೆ, ಎಜ್‌ಬಾಸ್ಟನ್ನಿನ ಪುಟವನ್ನು ಯಾರೂ ತಿರುವುವುದಿಲ್ಲ. ಆದರೆ ಆ ನಾಲ್ವರು ಹೊಸಬರು ಮುಂದೇನಾದರು ನೋಡಿ. ಪ್ರಸಾದ್ 2007ರಿಂದ 2009ರವರೆಗೆ ಭಾರತ ತಂಡದ ಬೌಲಿಂಗ್ ಕೋಚ್ ಆದರು. ರಾಥೋಡ್ 2019ರಲ್ಲಿ ಬ್ಯಾಟಿಂಗ್ ಕೋಚ್ ಆದರು, ಮಾಂಬ್ರೆ 2021ರಲ್ಲಿ ಬೌಲಿಂಗ್ ಕೋಚ್ ಆದರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಾಗ ಮುಖ್ಯ ಕೋಚ್ ದ್ರಾವಿಡರ ಜೊತೆಯಲ್ಲಿ ನಿಂತಿದ್ದವರು ಇವರಿಬ್ಬರೇ. ರಾಥೋಡ್ ಆಡಿದ್ದು ಆರು ಟೆಸ್ಟ್, ಮಾಂಬ್ರೆ ಎರಡು. ನಾಲ್ಕನೆಯವರಾದ ಜೋಶಿಯ ದಾರಿ ಇವರೆಲ್ಲರಿಗಿಂತ ಉದ್ದದ್ದು, ಸುತ್ತುಬಳಸಿನದು.

ಜೋಶಿಗೆ ತಂಡದಲ್ಲಿ ಜಾಗ ಏಕೆ ನಿಲ್ಲಲಿಲ್ಲ? ಪ್ರತಿಭೆ ಸಾಲದಾಯಿತು ಎಂದು ಒಂದು ಮಾತಿನಲ್ಲಿ ಮುಗಿಸುವುದು ಸೋಮಾರಿತನವಾದೀತು. ಆ ಕಾಲದ ಭಾರತ ತಂಡದ ರಚನೆಯನ್ನು ನೋಡಬೇಕು. ಸ್ವದೇಶದಲ್ಲಿ ಆಡುವಾಗ ಇಬ್ಬರು ಅಥವಾ ಮೂವರು ಸ್ಪಿನ್ನರುಗಳು, ವಿದೇಶದಲ್ಲಿ ಹೆಚ್ಚಿನ ಸಲ ಒಬ್ಬರೇ. ಆ ಒಬ್ಬರು ಕುಂಬ್ಳೆ. ಅದರಲ್ಲಿ ಚರ್ಚೆಗೆ ಆಸ್ಪದವಿರಲಿಲ್ಲ. ಉಳಿದ ಒಂದೂವರೆ ಸ್ಥಾನಕ್ಕೆ ಹೈದರಾಬಾದಿನ ವೆಂಕಟಪತಿ ರಾಜು, ಮುಂಬೈಯ ನೀಲೇಶ್ ಕುಲಕರ್ಣಿ, ರೈಲ್ವೇಸ್‌ನ ಮುರಳಿ ಕಾರ್ತಿಕ್ ಇವರೆಲ್ಲರೂ ಎಡಗೈಯವರೇ ಪೈಪೋಟಿಗಿದ್ದರು. ಒಬ್ಬ ಮಹಾನ್ ಆಟಗಾರ ತನ್ನ ರಾಜ್ಯದವನೇ ಆಗಿದ್ದರೆ ಅದು ಹೆಮ್ಮೆಯೂ ಹೌದು, ತಡೆಗೋಡೆಯೂ ಹೌದು. ಹೀಗೆ ಜೋಶಿ ಬಂದರು, ಹೋದರು, ಮತ್ತೆ ಬಂದರು.

ಬಂದಾಗ ಮಾಡಿದ ಎರಡು ಕೆಲಸಗಳನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲನೆಯದು ನೈರೋಬಿಯದು. 1999ರ ಸೆಪ್ಟೆಂಬರ್ 26, ಎಲ್.ಜಿ. ಕಪ್, ಎದುರಾಳಿ ದಕ್ಷಿಣ ಆಫ್ರಿಕ. ಜೋಶಿ 10 ಓವರ್ ಎಸೆದರು. ಅದರಲ್ಲಿ 6 ಮೇಡನ್. ಕೊಟ್ಟ ರನ್ 6, ಪಡೆದ ವಿಕೆಟ್ 5. ಗಣಿತದ ಮೇಷ್ಟರುಗಳು ಗಮನಿಸಬೇಕು: 60 ಎಸೆತಗಳಲ್ಲಿ ಆರೇ ರನ್. ಏಕದಿನ ಪಂದ್ಯದಲ್ಲಿ, ಅದೂ ದಕ್ಷಿಣ ಆಫ್ರಿಕದಂಥ ತಂಡದ ಎದುರು! ಅವರು 117ಕ್ಕೆ ಆಲೌಟಾದರು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಅದೇ ಸರಣಿಯಲ್ಲಿ ಮೊದಲ ಬಾರಿಗೆ ಭಾರತಕ್ಕೆ ಆಡಿದ ನಮ್ಮ ವಿಜಯ್ ಭಾರದ್ವಾಜ್ ಸರಣಿಯ ಶ್ರೇಷ್ಠ ಆಟಗಾರರಾದರು. ಹಿಂದಿನ ರಣಜಿ ಋತುವಿನಲ್ಲಿ 1280 ರನ್ ಗಳಿಸಿದ್ದ ಅವರು ಒಟ್ಟು ಆಡಿದ್ದು ಮೂರು ಟೆಸ್ಟ್, ಹತ್ತು ಏಕದಿನ. ಆ ವಾರ ಕರ್ನಾಟಕದವರಿಗೆ ಇವರಿಬ್ಬರೂ ಹತ್ತು ವರ್ಷ ಆಡುವರು ಎನಿಸಿತ್ತು.

ಎರಡನೆಯದು ಢಾಕಾದ್ದು. 2000ದ ನವೆಂಬರ್ 10ರಂದು ಬಾಂಗ್ಲಾದೇಶ ತನ್ನ ಚರಿತ್ರೆಯ ಮೊದಲ ಟೆಸ್ಟ್ ಆಡಲಾರಂಭಿಸಿತು. ಗಂಗೂಲಿಗೆ ನಾಯಕರಾಗಿ ಅದೇ ಮೊದಲ ಟೆಸ್ಟ್. ಅಮೀನುಲ್ ಇಸ್ಲಾಂ 145 ಗಳಿಸಿ, ಬಾಂಗ್ಲಾ 400 ರನ್ ಪೇರಿಸಿ, ಎಲ್ಲರೂ ಕಣ್ಣರಳಿಸುವಂತೆ ಮಾಡಿತು. ಜೋಶಿ ಐದು ವಿಕೆಟ್ ಪಡೆದರು. ಆಮೇಲೆ ಭಾರತದ ಬ್ಯಾಟಿಂಗ್ ತೊಡಕಿಗೆ ಸಿಲುಕಿದಾಗ ಕೆಳಗಿನ ಕ್ರಮಾಂಕದಲ್ಲಿ ಬಂದು 92 ರನ್ ಹೊಡೆದರು. ಭಾರತಕ್ಕೆ 29 ರನ್ನಿನ ಮುನ್ನಡೆ ಸಿಕ್ಕಿತು. ಎರಡನೆಯ ಸರದಿಯಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು. ಜೋಶಿ ಇನ್ನೂ ಮೂರು ವಿಕೆಟ್ ಕಿತ್ತರು. ಪಂದ್ಯಶ್ರೇಷ್ಠ ಪ್ರಶಸ್ತಿ ಅವರದೇ. ಎಂಟು ರನ್ನಿನಿಂದ ಶತಕ ತಪ್ಪಿತು ಎಂದು ಅಂದು ಮರುಗಿದವರು ಬಹಳ. ಮುಂದೆ ಮರುಗಬೇಕಾದ ಸಂಗತಿ ಬೇರೆಯೇ ಇತ್ತು.

ಅದೇ ತಿಂಗಳು ಜಿಂಬಾಬ್ವೆಯ ಎದುರು ಆಡಿದ್ದೇ ಅವರ ಕೊನೆಯ ಟೆಸ್ಟ್ ಆಯಿತು. 2001ರ ಆರಂಭದಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯ ಭಾರತಕ್ಕೆ ಬಂದಿತು. ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ಜೋಶಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಯಾವುದಿತ್ತು? ಆದರೆ ಮುಂಬೈ ಟೆಸ್ಟಿನಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ. ಮೂರು ಟೆಸ್ಟಿಗೆ ಮೂವರು ಬೇರೆ ಬೇರೆ ಎಡಗೈ ಸ್ಪಿನ್ನರುಗಳು. ಆ ಮೂವರಲ್ಲಿ ಜೋಶಿ ಇಲ್ಲ. ಹರಭಜನ್ ಸಿಂಗ್ ಆ ಸರಣಿಯಲ್ಲಿ 32 ವಿಕೆಟ್ ಪಡೆದು ಎರಡನೆಯ ಸ್ಪಿನ್ನರನ ಪ್ರಶ್ನೆಯನ್ನು ಹಲವು ವರ್ಷಗಳ ಮಟ್ಟಿಗೆ ಬಗೆಹರಿಸಿಬಿಟ್ಟರು. ಏಕದಿನ ಸರಣಿಯ ಹೊತ್ತಿಗೆ ಜೋಶಿಯ ಅಂತರರಾಷ್ಟ್ರೀಯ ಆಟ ಮುಗಿಯಿತು. 15 ಟೆಸ್ಟ್, 41 ವಿಕೆಟ್. 69 ಏಕದಿನ, 69 ವಿಕೆಟ್. ವಯಸ್ಸು 31 ಕೂಡ ತುಂಬಿರಲಿಲ್ಲ.

ಆಯ್ಕೆದಾರರ ಮನಸ್ಸಿನಲ್ಲಿ ಏನಿತ್ತೋ ನಾನು ಊಹಿಸುವುದಿಲ್ಲ. ಆದರೆ ಇಂಥ ಘಳಿಗೆಯಲ್ಲಿ ಮನುಷ್ಯ ಏನು ಮಾಡುತ್ತಾನೆಂಬುದು ಮುಖ್ಯ. ನಮ್ಮಲ್ಲಿ ಬಡ್ತಿ ತಪ್ಪಿದ ಉಪಾಧ್ಯಾಯರು ಉಳಿದ ಸೇವಾವಧಿಯನ್ನು ಆ ಬಡ್ತಿಯ ಮಾತಿನಲ್ಲೇ ಕಳೆಯುವುದನ್ನು ನಾನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ಕಂಡಿದ್ದೇನೆ. ಜೋಶಿ ಹಿಂದಿರುಗಿ ರಣಜಿ ಆಡಿದರು. ಒಂದೆರಡು ವರ್ಷವಲ್ಲ, ಮತ್ತೆ ಸುಮಾರು ಹತ್ತು ವರ್ಷ. ರಣಜಿ ಪಂದ್ಯಕ್ಕೆ ಆಗ ಟೀವಿ ಇಲ್ಲ, ಪ್ರೇಕ್ಷಕರು ಬೆರಳೆಣಿಕೆಯಷ್ಟು. ಐ.ಪಿ.ಎಲ್. ಹುಟ್ಟಿರದ ಆ ದಿನಗಳಲ್ಲಿ ರಾಜ್ಯ ಆಟಗಾರರನೇಕರಿಗೆ ಆಧಾರವಾಗಿದ್ದುದು ಬ್ಯಾಂಕು, ರೈಲ್ವೆ, ಐ.ಟಿ.ಐ.ನಂಥ ಸಾರ್ವಜನಿಕ ಉದ್ದಿಮೆಗಳ ಕ್ರೀಡಾ ಕೋಟಾದ ನೌಕರಿ. ಅಂಥ ದಿನಗಳಲ್ಲಿ ಅವರು ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಪರರಾಜ್ಯಗಳ ಬಿಸಿಲಲ್ಲಿ ಓವರ್ ಮೇಲೆ ಓವರ್ ಹಾಕಿದರು. ಪ್ರಥಮ ದರ್ಜೆಯಲ್ಲಿ ಒಟ್ಟು 160 ಪಂದ್ಯ, 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್.

2008ರ ಏಪ್ರಿಲ್ 18ರಂದು ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ ಚಿನ್ನಸ್ವಾಮಿಯಲ್ಲಿ ನಡೆದಾಗ, ಮೆಕಲಮ್ 158 ರನ್ ಚಚ್ಚಿದ ಆ ರಾತ್ರಿ, ಬೆಂಗಳೂರು ತಂಡದ ಹನ್ನೊಂದರಲ್ಲಿ 37 ವರ್ಷದ ಜೋಶಿಯೂ ಇದ್ದರು. ಆ ರಾತ್ರಿಯ ಬಗ್ಗೆ ಬೆಂಗಳೂರಿನವರು ಹೆಚ್ಚು ಮಾತಾಡುವುದಿಲ್ಲ, ನಾವೂ ಬಿಡೋಣ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಬಯಲಿನಲ್ಲಿ ಮುಂಬೈ ಎದುರು ರಣಜಿ ಫೈನಲ್. ಗೆಲ್ಲಲು 338 ಬೇಕಿತ್ತು, ಮನೀಷ್ ಪಾಂಡೆ 144 ಹೊಡೆದರು, ಕರ್ನಾಟಕ ಆರೇ ಆರು ರನ್ನುಗಳಿಂದ ಸೋತಿತು. ಮರಗಳ ಮೇಲೆಲ್ಲ ಹತ್ತಿ ಕುಳಿತು ಜನ ನೋಡಿದ ಪಂದ್ಯವದು. 2012ರಲ್ಲಿ ಜೋಶಿ ಆಟಕ್ಕೆ ವಿದಾಯ ಹೇಳಿದರು.

ಅಲ್ಲಿಂದ ಮುಂದಿನದು ಕಸುಬುದಾರನ ನಿಜವಾದ ಅಲೆದಾಟ. ಹೈದರಾಬಾದ್ ರಣಜಿ ತಂಡದ ಕೋಚ್ ಆಗಿದ್ದವರು 2014ರಲ್ಲಿ ಜಮ್ಮು-ಕಾಶ್ಮೀರಕ್ಕೆ ಹೋದರು. ಆ ವರ್ಷ ಸೆಪ್ಟೆಂಬರಿನಲ್ಲಿ ಕಾಶ್ಮೀರ ಕಣಿವೆಯಲ್ಲಿ ಭೀಕರ ಪ್ರವಾಹ ಬಂದಿತ್ತು. ಶ್ರೀನಗರದ ಕ್ರೀಡಾಂಗಣವೂ ನೀರಿನಲ್ಲಿ ಮುಳುಗಿ ಅಭ್ಯಾಸಕ್ಕೆ ಜಾಗವಿರಲಿಲ್ಲ. ಹಾಗಿದ್ದೂ ಡಿಸೆಂಬರಿನಲ್ಲಿ, ಋತುವಿನ ಮೊದಲ ಪಂದ್ಯದಲ್ಲೇ, ಪರ್ವೇಜ್ ರಸೂಲ್ ನಾಯಕತ್ವದ ಆ ತಂಡ ಮುಂಬೈಯನ್ನು ಅದರ ವಾಂಖೆಡೆ ಮೈದಾನದಲ್ಲೇ ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು. 40 ಬಾರಿ ರಣಜಿ ಗೆದ್ದ ಮುಂಬೈಯನ್ನು! ಶುಭಂ ಖಜೂರಿಯಾ ಎಂಬ ಹುಡುಗ ಶತಕ ಬಾರಿಸಿದ. ಆ ಪಂದ್ಯದಲ್ಲಿ ಮುಂಬೈ ಪರ ಮೊದಲ ಬಾರಿಗೆ ಆಡಿದ ಇನ್ನೊಬ್ಬ ಹುಡುಗ ಶ್ರೇಯಸ್ ಅಯ್ಯರ್. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಕೋಚ್ ಏನು ಮಾಡುತ್ತಾನೆ ಎಂದು ಕೇಳುವವರಿದ್ದಾರೆ. ರನ್ ಹೊಡೆಯುವವರು ಆಟಗಾರರೇ, ವಿಕೆಟ್ ಪಡೆಯುವವರೂ ಅವರೇ. ನಿಜ, ಪರೀಕ್ಷೆ ಬರೆಯುವವರೂ ವಿದ್ಯಾರ್ಥಿಗಳೇ. ಆದರೆ ಸೋಲುವ ಅಭ್ಯಾಸ ಬಿದ್ದ ತರಗತಿಯನ್ನು ಕೈಗೆತ್ತಿಕೊಂಡವರಿಗೆ ಗೊತ್ತು, ಅಲ್ಲಿ ಮೊದಲು ಕಲಿಸಬೇಕಾದದ್ದು ಪಾಠವಲ್ಲ. ತಾನು ಜಿಲ್ಲೆಯಿಂದ ಬಂದು ರಾಜಧಾನಿಯವರ ನಡುವೆ ಜಾಗ ಮಾಡಿಕೊಂಡವನಿಗೆ ಆ ಹುಡುಗರ ಹಿಂಜರಿಕೆ ಅರ್ಥವಾಗಿರಲೇಬೇಕು ಎಂದು ನನ್ನ ಅನಿಸಿಕೆ.

ಅಲ್ಲಿಂದ ಒಮಾನ್ ದೇಶಕ್ಕೆ ಸ್ಪಿನ್ ಕೋಚ್, ಅಸ್ಸಾಮಿಗೆ ಕೋಚ್. 2017ರ ಆಗಸ್ಟಿನಲ್ಲಿ ಬಾಂಗ್ಲಾದೇಶ ಅವರನ್ನು ಸ್ಪಿನ್ ಬೌಲಿಂಗ್ ಸಲಹೆಗಾರರನ್ನಾಗಿ ಕರೆಯಿತು. ಯಾವ ದೇಶದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ ಕಿತ್ತು ಸೋಲಿಸಿದ್ದರೋ ಅದೇ ದೇಶದ ಹುಡುಗರಿಗೆ ಅದೇ ವಿದ್ಯೆಯನ್ನು ಕಲಿಸುವ ಕೆಲಸ! ಅವರು ಸೇರಿದ ತಿಂಗಳಲ್ಲೇ ಮೀರ್‌ಪುರದಲ್ಲಿ ಬಾಂಗ್ಲಾದೇಶ 20 ರನ್ನುಗಳಿಂದ ಆಸ್ಟ್ರೇಲಿಯವನ್ನು ಟೆಸ್ಟಿನಲ್ಲಿ ಮೊದಲ ಬಾರಿಗೆ ಸೋಲಿಸಿತು. ಶಕೀಬ್ ಎರಡೂ ಸರದಿಗಳಲ್ಲಿ ಐದೈದು ವಿಕೆಟ್ ಪಡೆದರು. ಬಂದು ಕೆಲವೇ ದಿನಗಳಾಗಿದ್ದ ಸಲಹೆಗಾರನಿಗೆ ಇದರ ಕೀರ್ತಿ ಕೊಡುವುದು ಅತಿಯಾದೀತು. ಆದರೆ 2018ರ ಕೊನೆಯಲ್ಲಿ ವೆಸ್ಟ್ ಇಂಡೀಸ್ ಅಲ್ಲಿಗೆ ಬಂದಾಗ ಬಾಂಗ್ಲಾದ ಸ್ಪಿನ್ನರುಗಳು ಎರಡು ಟೆಸ್ಟಿನ 40 ವಿಕೆಟ್‌ಗಳನ್ನೂ ತಾವೇ ಪಡೆದರು. ಅದರಲ್ಲಿ ಗುರುವಿನ ಪಾಲು ಇಲ್ಲವೆನ್ನಲಾಗದು. 2019ರ ವಿಶ್ವಕಪ್ಪಿನವರೆಗೆ ಅವರು ಅಲ್ಲಿದ್ದರು. ಬಳಿಕ ಉತ್ತರ ಪ್ರದೇಶ ತಂಡ.

2020ರ ಮಾರ್ಚ್ 4ರಂದು ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1996ರಲ್ಲಿ ಭದ್ರಾವತಿಯ ವಿಶ್ವನಾಥ್ ಕುಳಿತು ಗದಗಿನ ಹುಡುಗನನ್ನು ಆರಿಸಿದ ಕುರ್ಚಿ ಅದು. ಕೆಲವೇ ವಾರಗಳಲ್ಲಿ ಕೊರೋನಾ ಬಂದು ದೇಶದ ಎಲ್ಲ ಮೈದಾನಗಳ ಬಾಗಿಲು ಮುಚ್ಚಿತು. ಅಕ್ಟೋಬರಿನಲ್ಲಿ ಅವರ ಸಮಿತಿ ಆಸ್ಟ್ರೇಲಿಯ ಪ್ರವಾಸಕ್ಕೆ ತಂಡವನ್ನು ಆರಿಸಿತು. ಆ ಪ್ರವಾಸದಲ್ಲಿ ಭಾರತ ಅಡಿಲೇಡಿನಲ್ಲಿ 36ಕ್ಕೆ ಆಲೌಟಾಗಿ, ಒಬ್ಬೊಬ್ಬರಾಗಿ ಎಲ್ಲರೂ ಗಾಯಗೊಂಡು, ಕೊನೆಗೆ ಸಿರಾಜ್, ಶಾರ್ದೂಲ್, ನಟರಾಜನ್, ವಾಷಿಂಗ್ಟನ್ ಸುಂದರ್ ಮೊದಲಾದ ಎರಡನೆಯ ಸಾಲಿನವರನ್ನು ಕಟ್ಟಿಕೊಂಡು 2021ರ ಜನವರಿ 19ರಂದು ಬ್ರಿಸ್ಬೇನಿನಲ್ಲಿ ಗೆದ್ದದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಗೆಲುವಿನ ದಿನ ಜೋಶಿ ಅಧ್ಯಕ್ಷರಾಗಿರಲಿಲ್ಲ. ಮಂಡಳಿಯ ನಿಯಮದ ಪ್ರಕಾರ ಸಮಿತಿಯಲ್ಲಿ ಹೆಚ್ಚು ಟೆಸ್ಟ್ ಆಡಿದವರು ಅಧ್ಯಕ್ಷರು. 2020ರ ಡಿಸೆಂಬರಿನಲ್ಲಿ 23 ಟೆಸ್ಟ್ ಆಡಿದ ಚೇತನ್ ಶರ್ಮ ಸಮಿತಿಗೆ ಬಂದರು. 15 ಟೆಸ್ಟಿನ ಜೋಶಿ ಸದಸ್ಯರಾಗಿ ಪಕ್ಕಕ್ಕೆ ಸರಿದರು. 2001ರಲ್ಲಿ ಕೈತಪ್ಪಿದ ಆ ಟೆಸ್ಟ್‌ಗಳು ಇಪ್ಪತ್ತು ವರ್ಷದ ಮೇಲೂ ಲೆಕ್ಕಕ್ಕೆ ಬಂದವು ನೋಡಿ. ಅವರು 2022ರವರೆಗೆ ಸದಸ್ಯರಾಗಿಯೇ ಕೆಲಸ ಮಾಡಿದರು.

ಜೋಶಿ ಒಬ್ಬರೇ ಅಲ್ಲ. ಅವರ ಜೊತೆಯವರಾದ ಆರಂಭದ ದಾಂಡಿಗ ಜೆ. ಅರುಣ್‌ಕುಮಾರ್ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರೂ ಭಾರತಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಅವರು ಕೋಚ್ ಆಗಿದ್ದ 2013-14 ಮತ್ತು 2014-15ರ ಎರಡೂ ಋತುಗಳಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ವಿನಯ್ ಕುಮಾರರ ಹೆಸರು ಎಲ್ಲರಿಗೂ ನೆನಪಿದೆ, ಕರುಣ್ ನಾಯರ್ ಫೈನಲ್ಲಿನಲ್ಲಿ ಹೊಡೆದ 328 ನೆನಪಿದೆ. ಕೋಚಿನ ಹೆಸರು ಹೇಳಿ ಎಂದರೆ ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಅವರೂ ಆಮೇಲೆ ಪುದುಚೇರಿ, ಅಮೆರಿಕ ಎಂದು ಊರೂರು ಸುತ್ತಿದರು. ವೇಗಿ ದೊಡ್ಡ ಗಣೇಶ್ ನಾಲ್ಕು ಟೆಸ್ಟ್ ಆಡಿದವರು. 2024ರಲ್ಲಿ ಕೀನ್ಯಾ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡು ಸುಮಾರು ಒಂದೇ ತಿಂಗಳಲ್ಲಿ ಅಲ್ಲಿನ ಸಂಸ್ಥೆಯ ಒಳಜಗಳದಿಂದಾಗಿ ಹೊರಬರಬೇಕಾಯಿತು. ಈ ಕಸುಬಿನಲ್ಲಿ ಪಿಂಚಣಿಯಿಲ್ಲ, ಕಾಯಂ ಆದೇಶವಿಲ್ಲ. ಸರಕಾರಿ ಸೇವೆಯಲ್ಲಿ ಮೂವತ್ತು ವರ್ಷ ಸುಖವಾಗಿ ಹಾಜರಿ ಹಾಕಿದ ನನ್ನಂಥವರಿಗೆ ಇದನ್ನು ಓದಿದರೇ ಎದೆ ಝಲ್ಲೆನ್ನುತ್ತದೆ. ಮಗನನ್ನು ಮೈದಾನಕ್ಕೆ ಕಳುಹಿಸುವವರು ಈ ಪುಟವನ್ನೂ ಓದಿಯೇ ಕಳುಹಿಸಬೇಕು.

ಜೋಶಿ 2023ರಿಂದ 2025ರವರೆಗೆ ಪಂಜಾಬ್ ಕಿಂಗ್ಸ್ ತಂಡದ ಸ್ಪಿನ್ ಕೋಚ್ ಆಗಿದ್ದರು. 2025ರ ಜೂನ್ 3ರಂದು ಐ.ಪಿ.ಎಲ್. ಫೈನಲ್ಲಿನಲ್ಲಿ ಆ ತಂಡ ಎದುರಿಸಿದ್ದು, ಹದಿನೇಳು ವರ್ಷಗಳ ಹಿಂದೆ ತಾವೇ ಆಡಿದ ಬೆಂಗಳೂರು ತಂಡವನ್ನು. ಪಂಜಾಬಿನ ನಾಯಕ ಶ್ರೇಯಸ್ ಅಯ್ಯರ್, ವಾಂಖೆಡೆಯಲ್ಲಿ ಜಮ್ಮುವಿನ ಎದುರು ಮೊದಲ ಪಂದ್ಯ ಆಡಿದ ಅದೇ ಹುಡುಗ. ಬೆಂಗಳೂರು 190, ಪಂಜಾಬ್ 184. ಮೈಸೂರಿನ ಫೈನಲ್ಲಿನಂತೆ ಇಲ್ಲಿಯೂ ಅಂತರ ಆರು ರನ್. ನಮ್ಮ ಬೀದಿಯಲ್ಲಿ ಅಂದು ರಾತ್ರಿ ಪಟಾಕಿಯ ಸದ್ದಿಗೆ ನಿದ್ದೆಯಿಲ್ಲ. ಸೋತವರ ಬೆಂಚಿನಲ್ಲಿಯೂ ಒಬ್ಬ ಕನ್ನಡಿಗ ಕುಳಿತಿದ್ದಾನೆಂದು ಪಟಾಕಿ ಹಚ್ಚುವ ಹುಡುಗರಿಗೆ ಹೇಳಿದೆ. ಅವರು ಯಾರು ಸಾರ್ ಎಂದು ಕೇಳಿ ಇನ್ನೊಂದು ಸರ ಹಚ್ಚಿದರು.

ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ನವುಲೆಯಲ್ಲಿ ಕರ್ನಾಟಕ ಮತ್ತು ಗೋವಾ ನಡುವೆ ರಣಜಿ ಪಂದ್ಯ ನಡೆಯಿತು. ಕರುಣ್ ನಾಯರ್ ಔಟಾಗದೆ 174 ರನ್ ಹೊಡೆದರು. 2016ರಲ್ಲಿ ಟೆಸ್ಟಿನಲ್ಲಿ 303 ಹೊಡೆದು, ತಂಡದಿಂದ ಬಿದ್ದು, ರಾಜ್ಯ ತಂಡದಲ್ಲೂ ಜಾಗ ಕಳೆದುಕೊಂಡು, ವಿದರ್ಭಕ್ಕೆ ಹೋಗಿ ಅವರಿಗೆ ರಣಜಿ ಗೆದ್ದುಕೊಟ್ಟು, ಅದರ ಬಲದಿಂದ 2025ರಲ್ಲಿ ಮತ್ತೆ ಭಾರತಕ್ಕೆ ಆಡಿ, ಇಂಗ್ಲೆಂಡಿನಿಂದ ಮರಳಿದ ಮೇಲೆ ಮತ್ತೆ ಕೈಬಿಡಲ್ಪಟ್ಟು, ಊರ ತಂಡಕ್ಕೆ ಹಿಂದಿರುಗಿದ್ದ ಆಟಗಾರ ಅವರು. ವಯಸ್ಸು ಆಗ 33. ಪಂದ್ಯ ಡ್ರಾ ಆಯಿತು.